ಒಂದು ಸಾಲು ಕಡಿಮೆ

ಗುರುವಾರ, ಮಾರ್ಚ್ ೧೪
ಬೆಳಿಗ್ಗೆ

ಮೇಷ್ಟ್ರೇ,

ಮದುವೆಯಾದ ಮೇಲೂ ಒಂದು ವರ್ಷ ನಿಮ್ಮನ್ನು ಹೀಗೇ ಕರೆಯುತ್ತಿದ್ದೆ. "ಮನೇಲಾದ್ರೂ ಆ ಮೇಷ್ಟ್ರು ಬಿಡು ಮಾರಾಯ್ತಿ, ಯಾರಾದ್ರೂ ಕೇಳಿಸ್ಕೊಂಡ್ರೆ ನಗ್ತಾರೆ" ಎಂದು ನೀವು ಗೋಗರೆದ ಮೇಲೆ ಬಿಟ್ಟೆ. ಇವತ್ತು ಮತ್ತೆ ಹಾಗೆ ಕರೆಯುವುದಕ್ಕೆ ಕಾರಣವಿದೆ. ಈ ಕಾಗದದ ಅರ್ಧ ಗಂಡನಿಗೆ, ಅರ್ಧ ಅಂಧರ ತರಬೇತಿ ಕೇಂದ್ರದಲ್ಲಿ ನನಗೆ ಕಂಪ್ಯೂಟರ್ ಕಲಿಸಿದವರಿಗೆ. ಯಾವ ಅರ್ಧ ಯಾರಿಗೆ ಅಂತ ನೀವೇ ವಿಂಗಡಿಸಿಕೊಳ್ಳಿ.

ನಾನು ಚೆನ್ನಾಗಿದ್ದೇನೆ. ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ಒಳ್ಳೆ ನಿದ್ದೆ ಬರುತ್ತಿದೆ. ನಿಮ್ಮ ಮಂಡಿನೋವು ಹೇಗಿದೆ? ಹಚ್ಚಿಕೊಳ್ಳುವ ಎಣ್ಣೆ ಬಚ್ಚಲಮನೆಯ ಕಿಟಕಿಯಲ್ಲಿದೆ. ಅಡುಗೆಮನೆಯಲ್ಲಿ ಹುಡುಕಿ ಸುಸ್ತಾಗಬೇಡಿ.

ನೀವು ಹೇಳಿ ಕಳಿಸಿದ್ದು ತಲುಪಿತು. ನನ್ನ ಬ್ಯಾಚಿನವಳು, ನಾವೆಲ್ಲ 'ಗಂಟಲು' ಅಂತ ಕರೆಯುವ ಆ ಬ್ಯಾಂಕಿನ ಟೆಲಿಫೋನ್ ಆಪರೇಟರ್, ನಿಮ್ಮ ಮಾತನ್ನು ನಿಮ್ಮದೇ ದನಿಯಲ್ಲಿ, ನಡುವಿನ ಕೆಮ್ಮನ್ನೂ ಬಿಡದೆ ಒಪ್ಪಿಸಿದಳು. "ಹಠ ಇಳಿದ ಮೇಲೆ ಹೇಳ್ಲಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ. ಆ ಹಳೇ ಡಬ್ಬಾ ಹೊತ್ಕೊಂಡು ಹೋಗಿದಾಳಲ್ಲ, ಅದು ಸತ್ತು ಎರಡು ವರ್ಷ ಆಯ್ತು ಅಂತ ಅವಳಿಗೆ ಗೊತ್ತಿಲ್ವಾ?"

ಗೊತ್ತಿತ್ತು. ಹಠ ಇಳಿದಿಲ್ಲ, ಡಬ್ಬಾ ಸತ್ತೂ ಇಲ್ಲ. ಈ ಕಾಗದ ಅದರಲ್ಲೇ ಟೈಪ್ ಆಗುತ್ತಿದೆ.

ನಾನು ಯಾಕೆ ಹೊರಟೆ ಅಂತ ನಿಮಗೆ ಇನ್ನೂ ಅರ್ಥವಾಗಿಲ್ಲವಂತೆ. ಜಗಳ ಆಗಲಿಲ್ಲ, ಕೂಗಾಟ ಆಗಲಿಲ್ಲ, ಒಂದು ದಿನ ಎದ್ದು ಹೋಗಿಬಿಟ್ಟಳು ಅಂತ ಎಲ್ಲರ ಹತ್ತಿರ ಹೇಳುತ್ತಿದ್ದೀರಂತೆ. ಹಾಗಾದರೆ ಕೇಳಿ. ಜನವರಿ ತಿಂಗಳಲ್ಲಿ ಒಂದು ದಿನ ನಾನು ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದೆ. ಹಜಾರದಲ್ಲಿ ಫೋನ್ ಬಂತು. ಆಸ್ಪತ್ರೆಯ ದಾಖಲೆ ವಿಭಾಗದ ಮುಖ್ಯಸ್ಥೆ. ವೈದ್ಯರು ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವವರು ಬೇಕು, ಮನೆಯಿಂದಲೇ ಮಾಡಬಹುದು ಅಂತ. ನಾನೇ ಅರ್ಜಿ ಹಾಕಿದ್ದೆ, ನಿಮಗೆ ಹೇಳಿರಲಿಲ್ಲ. ನೀವು ದನಿ ತಗ್ಗಿಸಿದಿರಿ. ಹನ್ನೊಂದು ವರ್ಷ ನನ್ನ ಜೊತೆ ಬಾಳಿದ ಮೇಲೂ ದನಿ ತಗ್ಗಿಸಿದರೆ ನನಗೆ ಕೇಳಿಸುವುದಿಲ್ಲ ಅಂದುಕೊಂಡಿರಲ್ಲ, ಅದಕ್ಕೆ ಈಗಲೂ ನಗು ಬರುತ್ತದೆ.

"ಅವಳಿಗೆ ಅದೆಲ್ಲ ಆಗಲ್ಲ ಮೇಡಂ. ನಾನಿಲ್ದೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ. ಪಾಪ, ಏನೋ ಆಸೆ."

ಫೋನ್ ಇಟ್ಟು ಅಡುಗೆಮನೆಗೆ ಬಂದಿರಿ. ಯಾರದು ಅಂತ ಕೇಳಿದೆ. ಯಾವುದೋ ರಾಂಗ್ ನಂಬರ್ ಅಂದಿರಿ. ಆಮೇಲೆ ಒರೆಸಿದ ತಟ್ಟೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ನೀವೇ ಜೋಡಿಸಿಟ್ಟಿರಿ, ಬಹಳ ಪ್ರೀತಿಯಿಂದ.

ಒಂಬತ್ತು ದಿನ ಕಾದೆ. ನೀವೇ ಹೇಳಬಹುದು ಅಂತ. ಹತ್ತನೆಯ ದಿನ ನೀವು ಕೇಂದ್ರಕ್ಕೆ ಹೋದ ಮೇಲೆ ಆಟೋ ಕರೆಸಿದೆ. ನಿಮ್ಮ ಹೊಸ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಅದರ ಪಾಸ್‌ವರ್ಡ್ ನಿಮ್ಮದು, ಅದರೊಳಗಿನ ಏರ್ಪಾಡೆಲ್ಲ ನಿಮ್ಮದು. ಅಟ್ಟದ ಮೇಲೆ ಎಸೆದಿದ್ದ ಆ ಹಳೆ ಕಂಪ್ಯೂಟರ್ ಡಬ್ಬ, ಕೀಬೋರ್ಡ್, ಎರಡು ಸ್ಪೀಕರ್, ಒಂದು ಚೀಲದಷ್ಟು ತಂತಿ ತಂದೆ. ನಮ್ಮ ಮದುವೆಗಿಂತ ಹಳೆಯದಾದ ಆ ಡಬ್ಬದ ಡಿಸ್ಕ್ ಕೆಟ್ಟು ಟಕ್ ಟಕ್ ಅನ್ನುತ್ತಿತ್ತು ಅನ್ನುವುದು ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ. ಪರದೆ ತರಲಿಲ್ಲ. ನನಗ್ಯಾತಕ್ಕೆ ಪರದೆ?

ಕೋಣೆ ಒಂದು ಇಸ್ತ್ರಿ ಅಂಗಡಿಯ ಮೇಲಿದೆ. ಹದಿನಾಲ್ಕು ಮೆಟ್ಟಿಲು, ಒಂಬತ್ತನೆಯದು ಸ್ವಲ್ಪ ಕುಳ್ಳು. ಬೆಳಿಗ್ಗೆ ಕೆಳಗೆ ಇಸ್ತ್ರಿ ಶುರುವಾದರೆ ಒದ್ದೆ ಬಟ್ಟೆ ಕಾದ ವಾಸನೆ ಮೇಲಕ್ಕೆ ಬರುತ್ತದೆ. ಎದುರಿಗೆ ಸೈಕಲ್ ರಿಪೇರಿಯವನು ದಿನವಿಡೀ ಗಾಳಿ ಹೊಡೆಯುತ್ತಾನೆ. ಅಂಗಡಿ ನಡೆಸುವವರನ್ನು ನಾನು ಇಸ್ತ್ರಿ ಅಕ್ಕ ಅನ್ನುತ್ತೇನೆ. ಬಂದ ದಿನವೇ ಅವರು, "ಗಂಡ ಹೊಡೀತಿದ್ನಾ?" ಅಂತ ನೇರವಾಗಿ ಕೇಳಿದರು. ಇಲ್ಲ ಅಕ್ಕ ಅಂದೆ. "ಕುಡೀತಿದ್ನಾ?" ಇಲ್ಲ. "ಮತ್ತೇನ್ ಮಾಡ್ತಿದ್ದ?" "ಎಲ್ಲಾ ಅವರೇ ಮಾಡ್ತಿದ್ರು ಅಕ್ಕ" ಅಂದೆ. "ನಂಗೆ ಅಂಥವನು ಸಿಗ್ಲೇ ಇಲ್ಲ ನೋಡು" ಅಂದರು. ಇಬ್ಬರೂ ನಕ್ಕೆವು. ಆದರೆ ಅವರಿಗೆ ಅರ್ಥವಾಯಿತು ಅಂತ ನನಗೆ ಗೊತ್ತಾಯಿತು, ಯಾಕೆಂದರೆ ಆಮೇಲೆ ಯಾವತ್ತೂ ಕೈಹಿಡಿದು ಮೆಟ್ಟಿಲು ಹತ್ತಿಸಲು ಬರಲಿಲ್ಲ.

ಮರುದಿನ ಆಸ್ಪತ್ರೆಗೆ ನಾನೇ ಫೋನ್ ಮಾಡಿದೆ. "ಮೇಡಂ, ಅವತ್ತು ನನ್ನ ಗಂಡ ಹೇಳಿದ್ದು ಅವರ ಅಭಿಪ್ರಾಯ. ನನ್ನದನ್ನ ಯಾರೂ ಕೇಳ್ಲಿಲ್ಲ, ಈಗ ಹೇಳ್ತೀನಿ" ಅಂದೆ. ಆಕೆ ನಕ್ಕರೋ ಗಾಬರಿಯಾದರೋ ತಿಳಿಯಲಿಲ್ಲ. "ಸರಿಯಮ್ಮ, ಐದು ರೆಕಾರ್ಡಿಂಗ್ ಕಳಿಸ್ತೀನಿ. ಹತ್ತು ದಿನದಲ್ಲಿ ಟೈಪ್ ಮಾಡಿ ಕೊಡಿ. ತಪ್ಪಿಲ್ಲದೆ ಬಂದ್ರೆ ಮಾತಾಡೋಣ. ಬರ್ಲಿಲ್ಲ ಅಂದ್ರೆ ಬೇರೆಯವರಿದಾರೆ, ಬೇಜಾರ್ ಮಾಡ್ಕೋಬಾರ್ದು" ಅಂದರು.

ಹತ್ತು ದಿನ. ಕೈಯಲ್ಲಿ ಸತ್ತ ಕಂಪ್ಯೂಟರ್.

ಈಗ ಮೇಷ್ಟ್ರಿಗೆ ಹೇಳಬೇಕಾದ ಅರ್ಧ. ಪ್ರತಿ ಬ್ಯಾಚಿಗೂ ಮೊದಲ ದಿನ ನೀವು ಹೇಳುತ್ತಿದ್ದ ಮಾತೊಂದಿದೆ. ಮೂರನೇ ಬ್ಯಾಚಿನಲ್ಲಿ ನಾವು ಹನ್ನೊಂದು ಜನ, ಎಲ್ಲರೂ ಅದನ್ನು ಬಾಯಿಪಾಠ ಮಾಡಿದ್ದೆವು. "ಕಂಪ್ಯೂಟರ್ ಎದ್ದ ಮೇಲೆ ಪರದೆ ಮೇಲಿರೋದನ್ನ ಓದ್ತಾ ಅದು ನಿಮ್ಮ ಜೊತೆ ಮಾತಾಡತ್ತೆ. ಏಳೋಕ್ಕಿಂತ ಮುಂಚೆ ಒಂದು ನಿಮಿಷ ಇದೆ ನೋಡಿ, ಆವಾಗ ಅದು ಮಾತಾಡಲ್ಲ. ಅಲ್ಲಿ ಏನಾದ್ರೂ ಕೆಟ್ಟರೆ ಕಣ್ಣು ಬೇಕೇ ಬೇಕು. ಸುಮ್ಮನೆ ನನ್ನ ಕರೀರಿ." ನಾವು ಕರೆಯುತ್ತಿದ್ದೆವು. ನಾನಂತೂ ಹನ್ನೊಂದು ವರ್ಷ ಕರೆದೆ.

ಗಂಟಲಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಬ್ಯಾಂಕಿನಲ್ಲಿ ಕೂತು ಊರವರ ಫೋನ್ ಜೋಡಿಸುತ್ತಲೇ ಇದನ್ನೆಲ್ಲ ಯಾವಾಗ ಕಲಿತಳೋ. "ಕಂಪ್ಯೂಟರ್ ಎಬ್ಬಿಸಿ ನಡೆಸೋಕೆ ಲಿನಕ್ಸ್ ಅಂತ ಒಂದಿದೆ, ಅದನ್ನ ಹಾಕ್ಕೋ ಕಣೇ. ಹಳೇ ಮೆಷಿನ್ ಅಂತ ಅದು ಮೂಗು ಮುರಿಯಲ್ಲ, ಯಾರ ಅಪ್ಪಣೆನೂ ಕೇಳಲ್ಲ. ಒಳಗಿನ ಡಿಸ್ಕ್ ಕೆಟ್ಟಿದ್ರೆ ಕೆಡ್ಲಿ. ಹೊರಗಿನ ಡಿಸ್ಕ್ ಒಂದನ್ನ ಹಿಂದುಗಡೆ ಯುಎಸ್‌ಬಿ ತೂತಿಗೆ ಚುಚ್ಚು, ಅದ್ರಲ್ಲೇ ಕೂರ್ಸು, ಅಲ್ಲಿಂದ್ಲೇ ಏಳತ್ತೆ" ಅಂದಳು. ಮೂರನೇ ದಿನಕ್ಕೆ ಅಂಚೆಯಲ್ಲಿ ಲಿನಕ್ಸ್ ತುಂಬಿದ ಅವಳ ಪೆನ್‌ಡ್ರೈವ್ ಬಂತು, ಹಳೆಯ ಕನ್ನಡಕದ ಡಬ್ಬಿಯೊಳಗೆ ಹತ್ತಿ ಸುತ್ತಿ. ಹೇಗೆ ಮಾಡಬೇಕು ಅಂತ ಫೋನಿನಲ್ಲಿ ಪಾಠ ಹೇಳಿದಳು: ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಒಂದು ಕೀಲಿ ಬಿಡದೆ ಒತ್ತಬೇಕು, ಎಲ್ಲಿಂದ ಏಳಲಿ ಅಂತ ಕೇಳುವ ಪಟ್ಟಿ ಬರುತ್ತದೆ, ಅದರಲ್ಲಿ ಯುಎಸ್‌ಬಿ ಸಾಲಿಗೆ ಇಳಿದು ಎಂಟರ್ ಒತ್ತಬೇಕು. ಪೆನ್‌ಡ್ರೈವ್ ಎದ್ದರೆ ಬೀಪ್ ಅನ್ನುತ್ತದೆ. ಬೀಪ್ ಕೇಳಿದ ಮೇಲೆ 'ಎಸ್' ಒತ್ತಿ ಎಂಟರ್. "ಅಲ್ಲಿಂದಾಚೆ ಅದೇ ಬಾಯಿ ಬಿಡತ್ತೆ. ಬೀಪ್‌ವರೆಗೂ ಹೋಗೋದೇ ಕಷ್ಟ. ಯಾವ ಕೀಲಿ, ಎಷ್ಟನೇ ಸಾಲು, ಒಂದೊಂದು ಮೆಷಿನ್‌ಗೆ ಒಂದೊಂದು ಥರ. ನಂಗೆ ಗೊತ್ತಿಲ್ಲ."

ನೀವು ಹೇಳುತ್ತಿದ್ದ ಆ ನಿಮಿಷ.

ಒಂದು ಇಡೀ ಬೆಳಿಗ್ಗೆ ಕುರುಡಾಗಿ ಹೊಡೆದೆ. (ನಗಬೇಡಿ.) ಮೇಲಿನ ಸಾಲಿನ ಹನ್ನೆರಡನೇ ಕೀಲಿ ಒತ್ತಿದೆ, ಒಂದು ಸಲ ಕೆಳಗೆ, ಎರಡು ಸಲ, ಮೂರು ಸಲ. ಟಕ್ ಟಕ್ ಬಿಟ್ಟರೆ ಏನೂ ಇಲ್ಲ. ಹನ್ನೊಂದನೇ ಕೀಲಿ. ಹತ್ತನೇದು. ಬೆರಳ ತುದಿ ಜುಮ್ಮೆನ್ನತೊಡಗಿತು. ಮಧ್ಯಾಹ್ನ ಕೆಳಗೆ ಹೋಗಿ ಇಸ್ತ್ರಿ ಅಕ್ಕನ ಹತ್ತಿರ, "ಅಕ್ಕ, ನಿಮ್ಮ ಟಿವಿ ಒಂದು ಗಂಟೆ ಕೊಡ್ತೀರಾ?" ಅಂದೆ.

"ನಿನಗ್ಯಾಕವ್ವ ಟಿವಿ?"

"ನಂಗಲ್ಲ, ನನ್ನ ಕಂಪ್ಯೂಟರ್‌ಗೆ. ಅದು ಏನ್ ತೋರಿಸತ್ತೋ ನೀವು ಓದಿ ಹೇಳ್ಬೇಕು."

"ನಂಗೆ ಇಂಗ್ಲಿಷ್ ಬರಲ್ವಲ್ಲ. ಅಂಕಿ ಬರತ್ತೆ, ಬಟ್ಟೆ ಮೇಲೆ ನಂಬರ್ ಹಾಕ್ತೀನಲ್ಲ, ಅಷ್ಟೇ."

ಅಷ್ಟು ಸಾಕು ಅಂದೆ. ಸಾಕೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಡಬ್ಬವನ್ನು ಕೆಳಗಿಳಿಸಿದೆವು. ಅವರ ಟಿವಿಯ ಹಿಂದೆ ತಡವಿದರೆ ಕಂಪ್ಯೂಟರಿನ ತಂತಿಗೆ ಸರಿಹೊಂದುವ ಹಲ್ಲಿನ ತೂತು ಸಿಕ್ಕಿತು. ಅವರ ಧಾರಾವಾಹಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಹತ್ತು ವರ್ಷದವಳಾಗುವವರೆಗೆ ನನಗೆ ಕಣ್ಣಿತ್ತು, ಅದು ನಿಮಗೆ ಗೊತ್ತು. ಅಕ್ಷರಗಳು ಹೇಗಿರುತ್ತವೆ ಅಂತ ಇನ್ನೂ ನೆನಪಿದೆ. ಅದು ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಆನ್ ಮಾಡಿದೆ. "ಬಂತು ಬಂತು, ಏನೇನೋ ಬಂತು... ಹೋಯ್ತು!" ಅಂದರು ಅಕ್ಕ. ಮತ್ತೆ ಆಫ್, ಮತ್ತೆ ಆನ್. ಯಾವ ಕೀಲಿ ಒತ್ತಬೇಕು ಅಂತ ಹೇಳುವ ಸಾಲು ಎರಡು ಸೆಕೆಂಡ್ ಮಾತ್ರ ಇರುತ್ತಿತ್ತು. ಐದು ಸಲ ಹೀಗೆ ಮಾಡಿದೆವು. ಆರನೇ ಸಲ ಅವರು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು ಅಂತ ಕಾಣುತ್ತದೆ, ದನಿ ಗಾಜಿಗೆ ಬಡಿದು ಬರುತ್ತಿತ್ತು. "ಕೆಳಗಡೆ ಒಂದು ಸಾಲು ಇದೆ. ಅದ್ರಲ್ಲಿ ಎಂಟು ಅಂತ ಅಂಕಿ ಇದೆ. ಎಂಟಕ್ಕೆ ಮುಂಚೆ ಒಂದು ಕೋಲು, ಬಲಗಡೆಗೆ ಎರಡು ಕೈ ಚಾಚಿದೆ. ಮೇಲೊಂದು, ಮಧ್ಯದಲ್ಲೊಂದು. ಕೆಳಗೆ ಮುರಿದುಹೋಗಿದೆ."

ಎಫ್. ಎಫ್ ಎಂಟು! ಬೆಳಿಗ್ಗೆಯೆಲ್ಲ ನಾನು ಅದರ ಹತ್ತಿರ ಹತ್ತಿರ ಬಂದು ನಿಲ್ಲಿಸಿದ್ದೆ.

ಎಂಟನೇ ಕೀಲಿ ಒತ್ತಿದರೆ ಪಟ್ಟಿ ಬಂತು, ಹೋಗದೆ ನಿಂತುಕೊಂಡಿತು. "ಮೂರು ಸಾಲು" ಅಂದರು ಅಕ್ಕ. "ಮೊದಲನೇದು ಉದ್ದ ಇದೆ. ಎರಡನೇದೂ ಉದ್ದ. ಮೂರನೇದ್ರಲ್ಲಿ ಮೊದಲು ಒಂದು ಲೋಟ. ಆಮೇಲೆ ಹಾವು. ಆಮೇಲೆ ಕೋಲಿಗೆ ಎರಡು ಹೊಟ್ಟೆ."

ಲೋಟ, ಹಾವು, ಎರಡು ಹೊಟ್ಟೆಯ ಕೋಲು. ಯು, ಎಸ್, ಬಿ. ನಾನು ಅಲ್ಲೇ ಇಸ್ತ್ರಿ ಬಟ್ಟೆಯ ರಾಶಿಯ ಮೇಲೆ ಕೂತು ಬಿದ್ದು ಬಿದ್ದು ನಕ್ಕೆ. ಎರಡು ಸಲ ಕೆಳಗೆ, ಎಂಟರ್. ಬೀಪ್ ಅಂತು. 'ಎಸ್' ಒತ್ತಿದೆ, ಎಂಟರ್. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಸ್ಪೀಕರಿನಿಂದ ನೆಗಡಿಯಾದ ಗಂಡಸಿನಂಥ ಒಂದು ದನಿ ಹೊರಟಿತು. ಅಕ್ಕ ಕಿರುಚಿಕೊಂಡರು. "ಅಯ್ಯೋ, ಒಳಗೆ ಯಾರೋ ಇದಾರೆ!"

ಆ ದನಿಯನ್ನು ಕೇಳಿದಾಗ ನನಗೆ ಏನನ್ನಿಸಿತು ಅಂತ ಬರೆಯಲು ಹೋಗುವುದಿಲ್ಲ. ನೀವು ಊಹಿಸಿಕೊಳ್ಳಿ, ಊಹೆ ನಿಮಗೆ ಚೆನ್ನಾಗಿ ಬರುತ್ತದೆ. ಎಂಟನೇ ಕೀಲಿಯ ಮೇಲೆ ಅಕ್ಕ ಒಂದು ಹನಿ ಮೇಣ ಬಿಟ್ಟುಕೊಟ್ಟರು. ಈಗ ಬೆರಳಿಗೆ ತಾನಾಗಿ ಸಿಗುತ್ತದೆ.

ಡಬ್ಬವನ್ನು ಮತ್ತೆ ಮೇಲೆ ತಂದೆ. ಇನ್ನು ಮುಂದಿನದಕ್ಕೆ ಪರದೆ ಬೇಡವಾಗಿತ್ತು. ಅದು ಪ್ರಶ್ನೆ ಕೇಳುತ್ತದೆ, ಉತ್ತರಗಳನ್ನು ಒಂದು, ಎರಡು, ಮೂರು ಅಂತ ಓದುತ್ತದೆ, ನಾವು ಅಂಕಿ ಒತ್ತಬೇಕು. ಯಾವ ಭಾಷೆ, ಯಾವ ಕೀಬೋರ್ಡ್, ಹೆಸರೇನು. ಕೊನೆಗೆ ಯಾವ ಡಿಸ್ಕಿನಲ್ಲಿ ಕೂರಿಸಲಿ ಅಂತ ಕೇಳಿತು.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ಬಚ್ಚಿಟ್ಟು ಬರೆಯಬಹುದು, ಆದರೆ ಅಡುಗೆಮನೆಯಲ್ಲಿ ನೀವು ಹೇಳಿದ ಸುಳ್ಳಿಗೆ ನಾನೂ ಒಂದು ಸೇರಿಸಿದರೆ ಇಬ್ಬರೂ ಸಮ ಆಗಿಬಿಡುತ್ತೇವೆ, ಅದು ನನಗೆ ಬೇಡ. ನನ್ನ ಹತ್ತಿರ ಇದ್ದ ಹೊರಗಿನ ಡಿಸ್ಕ್ ಒಂದೇ. ಅಂಗೈಯಗಲದ್ದು, ಮೂಲೆ ಸವೆದದ್ದು. ನೀವು ನನಗೆ ಓದಿ ರೆಕಾರ್ಡ್ ಮಾಡಿದ ನಲವತ್ತೊಂದು ಪುಸ್ತಕಗಳು ಅದರಲ್ಲಿದ್ದವು. ಊಟ ಆದ ಮೇಲೆ ದಿನಕ್ಕೊಂದು ಅಧ್ಯಾಯ. ನಗುವ ಜಾಗದಲ್ಲಿ ಓದುವುದಕ್ಕಿಂತ ಮುಂಚೆಯೇ ನಕ್ಕುಬಿಡುತ್ತಿದ್ದಿರಿ. ಇಪ್ಪತ್ತನೇ ಪುಸ್ತಕದಲ್ಲಿ ಒಂದು ದುಃಖದ ಜಾಗದಲ್ಲಿ ನೀವು ಪುಸ್ತಕ ಮುಚ್ಚಿ, "ನಾಳೆ ಓದೋಣ" ಅಂತ ನಿಲ್ಲಿಸಿದ್ದೂ ಅದರಲ್ಲಿತ್ತು.

ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಅಂತ ಆ ನೆಗಡಿ ದನಿ ಕೇಳಿತು.

ಬೇರೆ ಡಿಸ್ಕ್ ಸಿಗಲಿಲ್ಲ ಅಂತ ಹೇಳಬಹುದಿತ್ತು. ಅಂಗಡಿ ಎರಡೇ ಬೀದಿ ಆಚೆ ಇದೆ. ದಿನ ಉಳಿದಿರಲಿಲ್ಲ ಅಂತಲೂ ಹೇಳಬಹುದು. ಇನ್ನೂ ಆರು ದಿನ ಇತ್ತು. ನಿಜ ಏನೆಂದರೆ, ಕೋಣೆಗೆ ಬಂದಾಗಿನಿಂದ ನಾನು ಆ ಡಿಸ್ಕನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದೆ, ಕೇಳುವುದಕ್ಕೆ ಯಂತ್ರ ಇಲ್ಲದಿದ್ದರೂ. ಯಂತ್ರ ಎದ್ದರೆ ಮೊದಲು ಮಾಡುವ ಕೆಲಸ ಅದೇ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯ ರೆಕಾರ್ಡಿಂಗ್ ಬದಿಗಿಟ್ಟು ನಿಮ್ಮ ದನಿ ಕೇಳುತ್ತ ಕೂರುತ್ತಿದ್ದೆ. ಮೂರು ದಿನ ಕೇಳಿ ನಾಲ್ಕನೇ ದಿನ ಹದಿನಾಲ್ಕು ಮೆಟ್ಟಿಲಿಳಿದು ಮನೆಗೆ ಬಂದುಬಿಡುತ್ತಿದ್ದೆ. ನೀವು ಬಾಗಿಲು ತೆಗೆದು ನನ್ನ ಕೈಯಿಂದ ಚೀಲ ತೆಗೆದುಕೊಳ್ಳುತ್ತಿದ್ದಿರಿ.

ಹೌದು ಅನ್ನುವ ಅಂಕಿ ಒತ್ತಿದೆ. ಅದು ಅಳಿಸುವ ಹೊತ್ತೆಲ್ಲ ಡಿಸ್ಕಿನ ಮೇಲೆ ಕೈಯಿಟ್ಟುಕೊಂಡೇ ಇದ್ದೆ. ಸ್ವಲ್ಪ ಬಿಸಿಯಾಯಿತು, ಅಷ್ಟೇ.

ಅಷ್ಟೆಲ್ಲ ಮಾಡಿಯೂ ಮೊದಲ ಸಲ ಸೋತೆ. ಕೊನೆಯಲ್ಲಿ ಅದು, ಏಳುವಾಗ ಬೇಕಾಗುವ ಮೊದಲ ತುಣುಕನ್ನು ಯಾವ ಡಿಸ್ಕಿನಲ್ಲಿ ಬರೆಯಲಿ ಅಂತ ಕೇಳಿತ್ತು. ಅವಸರದಲ್ಲಿ 'ಒಂದು' ಒತ್ತಿದೆ. ಒಂದು ಅಂದರೆ ಒಳಗಿನ ಆ ಕೆಟ್ಟ ಡಿಸ್ಕ್. ಮರುದಿನ ಪೆನ್‌ಡ್ರೈವ್ ತೆಗೆದು ಆನ್ ಮಾಡಿದರೆ ಟಕ್, ಟಕ್, ಟಕ್. ಮನೆ ಕಟ್ಟಿದ್ದು ಹೊಸ ಜಾಗದಲ್ಲಿ, ಬಾಗಿಲು ಇಟ್ಟಿದ್ದು ಕುಸಿದ ಗೋಡೆಗೆ.

ಆ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚಾಪೆಯ ಮೇಲೆ ಮಲಗಿದ್ದೆ. ಇಸ್ತ್ರಿ ಅಕ್ಕ ಊಟಕ್ಕೆ ಕರೆದರು, ಹೋಗಲಿಲ್ಲ. ಸಂಜೆ ಎದ್ದು ಮುಖ ತೊಳೆದು, ಕೆಳಗೆ ಹೋಗಿ ಸೈಕಲ್ ರಿಪೇರಿಯವನ ಹತ್ತಿರ ಒಂದು ಸ್ಕ್ರೂ ಡ್ರೈವರ್ ಇಸಿದುಕೊಂಡು ಬಂದೆ.

"ಒಳಗೆ ಮಾತ್ರ ಕೈ ಹಾಕ್ಬೇಡ, ಶಾಕ್ ಹೊಡೆಯುತ್ತೆ" ಅನ್ನುತ್ತಿದ್ದಿರಲ್ಲ, ಗೋಡೆಯಿಂದ ತಂತಿ ಕಿತ್ತರೆ ಹೊಡೆಯುವುದಿಲ್ಲ ಮೇಷ್ಟ್ರೇ. ಬದಿಯ ತಗಡು ಬಿಚ್ಚಿದೆ. ಒಳಗೆ ಧೂಳು, ಸತ್ತ ಜಿರಳೆ ಒಂದು, ನಾಲ್ಕು ತಿರುಪುಮೊಳೆಯಲ್ಲಿ ಕಚ್ಚಿಕೊಂಡಿದ್ದ ಡಿಸ್ಕ್. ಅದರ ಬಾಲದ ಎರಡು ತಂತಿ ಎಳೆದೆ, ಮೊಳೆ ತಿರುಗಿಸಿದೆ, ಹೊರಗೆ ಬಂತು. ತೂಕವಾಗಿತ್ತು. ಈಗ ಅದು ನನ್ನ ಬಾಗಿಲು ಗಾಳಿಗೆ ಬಡಿಯದ ಹಾಗೆ ತಡೆಯುತ್ತಿದೆ. ಅದಿಲ್ಲದಿದ್ದರೆ ತಪ್ಪು ಜಾಗದಲ್ಲಿ ಬರೆಯಲು ತಪ್ಪು ಜಾಗವೇ ಇರುವುದಿಲ್ಲವಲ್ಲ!

ಮೊದಲಿನಂತೆ ಪೆನ್‌ಡ್ರೈವ್ ಒಂದನ್ನೇ ಚುಚ್ಚಿ ಮತ್ತೆ ಆನ್ ಮಾಡಿದೆ. ಮೇಣದ ಕೀಲಿ ಒತ್ತಿದೆ, ಎರಡು ಸಲ ಕೆಳಗೆ, ಎಂಟರ್. ಬೀಪ್ ಬರಲಿಲ್ಲ. ಮತ್ತೆ ಮಾಡಿದೆ. ಇಲ್ಲ. ಕೆಳಗೆ ಅಕ್ಕನ ಧಾರಾವಾಹಿ ನಡೆಯುತ್ತಿತ್ತು, ಯಾರೋ ಯಾರಿಗೋ ಶಾಪ ಹಾಕುತ್ತಿದ್ದರು. ಟಿವಿ ಕೇಳಿದ್ದರೆ ಅಕ್ಕ ಕೊಟ್ಟಿರುತ್ತಿದ್ದರು. ಎದ್ದು ಬಾಗಿಲವರೆಗೂ ಹೋದೆ. ಅಲ್ಲಿ ಕಾಲಿಗೆ ಆ ಡಿಸ್ಕ್ ತಾಗಿತು.

ಪಟ್ಟಿಯಲ್ಲಿ ಮೂರು ಸಾಲು ಇತ್ತು ಅಂದಿದ್ದರು ಅಕ್ಕ. ಮೊದಲ ಸಾಲು ಯಾವುದು? ಒಳಗಿನ ಡಿಸ್ಕಿನದು. ಆ ಡಿಸ್ಕ್ ಈಗ ನನ್ನ ಕಾಲ ಬುಡದಲ್ಲಿದೆ. ಹಾಗಾದರೆ ಪಟ್ಟಿಯಲ್ಲಿ ಒಂದು ಸಾಲು ಕಡಿಮೆ. ಲೋಟ, ಹಾವು, ಎರಡು ಹೊಟ್ಟೆಯ ಕೋಲು ಈಗ ಎರಡನೇ ಸಾಲು.

ಒಂದೇ ಸಲ ಕೆಳಗೆ. ಎಂಟರ್.

ಬೀಪ್.

ಆ ನಿಮಿಷದಲ್ಲಿ ಕೋಣೆಯಲ್ಲಿ ಪರದೆ ಇರಲಿಲ್ಲ, ಕಣ್ಣಿದ್ದವರು ಯಾರೂ ಇರಲಿಲ್ಲ. ನಾನು ಇದ್ದೆ. ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. ಕಣ್ಣು ಬೇಕಾಯಿತು. ಒಂದು ಮಧ್ಯಾಹ್ನ ಬೇಕಾಯಿತು, ಹನ್ನೊಂದು ವರ್ಷ ಅಲ್ಲ.

ಮುಂದಿನದು ಬೇಗ ಹೇಳುತ್ತೇನೆ. ಈ ಸಲ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಕೇಳಿಸಿಕೊಂಡು ಉತ್ತರ ಕೊಟ್ಟೆ. ಮುಗಿದ ಮೇಲೆ ಪೆನ್‌ಡ್ರೈವ್ ಕಿತ್ತೆ. ಏಳಲು ಬೇರೆ ಯಾವ ಜಾಗವೂ ಇಲ್ಲದ್ದರಿಂದ ಅದು ತಾನಾಗಿ ಹೊರಗಿನ ಡಿಸ್ಕಿಗೇ ಹೋಗುತ್ತದೆ, ಪಟ್ಟಿಯ ಗೊಡವೆಯೇ ಇಲ್ಲ. ನಿಧಾನ, ನಿಜ. ಆನ್ ಮಾಡಿ ಮುಖ ತೊಳೆದು ಬರುವಷ್ಟರಲ್ಲಿ ಎದ್ದಿರುತ್ತದೆ. ಕನ್ನಡವನ್ನೂ ಓದುತ್ತದೆ, ಒತ್ತಕ್ಷರ ಬಂದ ಕಡೆ ಕಲ್ಲು ಕಡಿದ ಹಾಗೆ.

ಐದೂ ರೆಕಾರ್ಡಿಂಗ್ ಎಂಟನೇ ದಿನಕ್ಕೆ ಮುಗಿಸಿ ಕೊಟ್ಟುಬಂದೆ, ಬಸ್ಸಿನಲ್ಲಿ ಒಬ್ಬಳೇ ಹೋಗಿ. ದಾಖಲೆ ವಿಭಾಗದ ಮೇಡಂ ಓದುತ್ತ ಓದುತ್ತ ಇದ್ದಕ್ಕಿದ್ದಂತೆ ನಕ್ಕರು. ಒಬ್ಬ ವೈದ್ಯರು ಔಷಧಿ ಹೇಳುತ್ತಿದ್ದ ನಡುವೆ ನರ್ಸಿಗೆ ಫ್ಯಾನ್ ಹಾಕಮ್ಮ ಅಂದಿದ್ದರು, ನಾನು ಅದನ್ನೂ ಸೇರಿಸಿಬಿಟ್ಟಿದ್ದೆ. "ಈ ರೋಗಿಗೆ 'ದಿನಕ್ಕೆರಡು ಸಲ ಫ್ಯಾನ್' ಅಂತ ಬರೆದಿದೀರಲ್ರೀ" ಅಂದರು. ಅದೊಂದೇ ತಪ್ಪು. ಈಗ ಮೂರು ವಾರದಿಂದ ಕೆಲಸ ಮಾಡುತ್ತಿದ್ದೇನೆ.

ನಿಮ್ಮ ಲ್ಯಾಬಿನಿಂದ ಆರು ಹಳೆಯ ಕಂಪ್ಯೂಟರ್‌ಗಳನ್ನು ಕಾರಿಡಾರಿಗೆ ತಂದು ಪೇರಿಸಿದ್ದೀರಂತೆ, ಗುಜರಿಗೆ ಹಾಕಲು. ಹಾಕಬೇಡಿ. ಈ ಕಾಗದದ ಜೊತೆ ಒಂದು ದಪ್ಪ ಹಾಳೆ ಇಟ್ಟಿದ್ದೇನೆ, ಬ್ರೈಲ್‌ನಲ್ಲಿ ಕುಟ್ಟಿದ್ದು. ಯಾವ ಕೀಲಿ ಅಂತ ಹೇಗೆ ಹುಡುಕಬೇಕು, ಸಾಲು ಹೇಗೆ ಎಣಿಸಬೇಕು, ಬೀಪ್ ಬರದಿದ್ದರೆ ಏನು ಮಾಡಬೇಕು, ಎಲ್ಲಿ ಅವಸರಪಡಬಾರದು, ಎಲ್ಲ ಇದೆ. ಅದು ನಿಮಗಲ್ಲ, ಈಗಿನ ಬ್ಯಾಚಿಗೆ. ಬ್ರೈಲ್ ಕಲಿಯಿರಿ ಅಂದಾಗ, ಕಣ್ಣಿರೋನಿಗ್ಯಾಕೆ ಅದು ಅಂದವರು ನೀವು. ಹಾಗಾಗಿ ಅದರಲ್ಲೇನಿದೆ ಅಂತ ತಿಳಿಯಬೇಕಾದರೆ ಅವರಲ್ಲಿ ಯಾರನ್ನಾದರೂ ಕರೆದು ಓದಿಸಿಕೊಳ್ಳಿ.

ಇನ್ನೊಂದು. ಮೊದಲ ದಿನದ ಆ ಮಾತನ್ನು ಇನ್ನು ಹೇಳಬೇಡಿ. ಸಹಾಯ ಕೇಳಬೇಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಕೇಳಿದೆ, ಗಂಟಲನ್ನು ಕೇಳಿದೆ, ಇಸ್ತ್ರಿ ಅಕ್ಕನನ್ನು ಕೇಳಿದೆ. ಅವರು ಕೊಟ್ಟರು, ಆಮೇಲೆ ತಮ್ಮ ಕೆಲಸಕ್ಕೆ ಹೋದರು. ನೀವು ಹೇಳುತ್ತಿದ್ದ ರೀತಿಯಲ್ಲಿ ಮಾತ್ರ ಹೇಳಬೇಡಿ. ಹೇಳಿದಿರಿ ಅಂತ ಗೊತ್ತಾದರೆ ಈ ಡಬ್ಬ ಹೊತ್ತುಕೊಂಡು ಬಂದು ನಿಮ್ಮ ತರಗತಿಯ ಮೊದಲ ಬೆಂಚಿನಲ್ಲಿ ಕೂರುತ್ತೇನೆ. ಎಲ್ಲರ ಮುಂದೆ ಎಬ್ಬಿಸಿ ತೋರಿಸುತ್ತೇನೆ. ನನ್ನ ಹಠ ನಿಮಗೆ ಗೊತ್ತಲ್ಲ.

ನೀವು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಕರೆದುಕೊಂಡು ಹೋಗಲು ಮಾತ್ರ ಬರಬೇಡಿ. ನೋಡಿ ಹೋಗಲು ಬರುವುದಾದರೆ ಭಾನುವಾರ ಮಧ್ಯಾಹ್ನ ನನಗೆ ಬಿಡುವು. ಉತ್ತರ ಬರೆಯುವುದಾದರೆ ಕೈಯಲ್ಲಿ ಬರೆಯಬೇಡಿ, ಕನ್ನಡ ಓದಲು ಬರುವ ಇಸ್ತ್ರಿ ಅಕ್ಕ ನಡುನಡುವೆ ನಿಮಗೆ ಬೈಯುತ್ತ ಓದುತ್ತಾರೆ. ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿ. ನಾನೊಬ್ಬಳೇ ಕೇಳಿಕೊಳ್ಳುತ್ತೇನೆ.

ಇಂತಿ,
ಮೂರನೇ ಬ್ಯಾಚಿನ ಕೊನೆಯ ಬೆಂಚಿನವಳು,
ಇನ್ನೂ ನಿಮ್ಮ ಹೆಂಡತಿ

ಮರೆತಿದ್ದು: ಫೆಬ್ರವರಿಯಲ್ಲಿ ಒಂದು ದಿನ ಮಧ್ಯಾಹ್ನ ನಿಮಗೊಂದು ಫೋನ್ ಬಂದು, ಆ ಕಡೆಯಿಂದ ಯಾರೂ ಮಾತಾಡದೆ ಇಟ್ಟಿರಬೇಕು. ಅದು ನಾನು. ಚಾಪೆಯ ಮೇಲೆ ಮಲಗಿದ್ದ ಆ ದಿನ. ನೀವು ಮೂರು ಸಲ ಹಲೋ ಅಂದಿರಿ, ಆಮೇಲೆ ನನ್ನ ಹೆಸರು ಹಿಡಿದು ಕರೆದಿರಿ. ಕಂಪ್ಯೂಟರ್ ಯಾಕೆ ಏಳಲಿಲ್ಲ, ಎಲ್ಲಿ ತಪ್ಪಾಯಿತು ಅಂತ ಕೇಳಿದ್ದರೆ ನೀವು ಒಂದೇ ನಿಮಿಷದಲ್ಲಿ ಹೇಳಿಬಿಡುತ್ತಿದ್ದಿರಿ. ಅದಕ್ಕೇ ಇಟ್ಟೆ.